ಹಿಂದಕ್ಕೆ ಓಡಿದ ಅಕ್ಷರಗಳು

ಕೊಟ್ಟೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅಕ್ಷರವನ್ನೇ ನಂಬಿ ಉಣ್ಣುವ ಮನೆ ಅಂತ ಒಂದಿದ್ದರೆ ಅದು ಸೋಮಶೇಖರನ ಮನೆ. ಅವನದು ಡಿಟಿಪಿ ಅಂಗಡಿ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಹುಟ್ಟುಹಬ್ಬದ ಫ್ಲೆಕ್ಸು, ತೀರಿಕೊಂಡವರ ಫ್ಲೆಕ್ಸು, ಎಲ್ಲವೂ ಅವನ ಕೈಯಿಂದಲೇ ಆಗಬೇಕು. ಹೆಂಡತಿ ಕ್ರಾಂತಿ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಬೋರ್ಡಿನ ಮೇಲೆ ಅವಳು ಬರೆದದ್ದನ್ನು ಒರೆಸುವುದಕ್ಕೆ ಮುಂದಿನ ಪಿರಿಯಡ್ಡಿನ ಗಣಿತದ ಮೇಷ್ಟ್ರಿಗೂ ಮನಸ್ಸು ಬರುತ್ತಿರಲಿಲ್ಲ, ಅಷ್ಟು ದುಂಡು. ಇಂಥ ಇಬ್ಬರಿಗೆ ಹುಟ್ಟಿದ ಶಾಂಭವಿ ಎಂಟನೇ ಕ್ಲಾಸಿಗೆ ಬಂದರೂ ಒಂದು ಸಾಲು ನೆಟ್ಟಗೆ ಬರೆಯಲಾರಳು ಅಂದರೆ ಕ್ರಾಂತಿಗೆ ಹೇಗಾಗಿರಬೇಡ, ನೀವೇ ಹೇಳಿ.

ಹುಡುಗಿ ಪೆನ್ನು ಹಿಡಿದಳೆಂದರೆ ಸಾಲು ಹಾಳೆಯ ಎಡದಲ್ಲಿ ಹುಟ್ಟಿ ಬಲಕ್ಕೆ ಬರುವಷ್ಟರಲ್ಲಿ ಗುಡ್ಡ ಹತ್ತಿಬಿಡುತ್ತಿತ್ತು. ಒತ್ತಕ್ಷರಗಳು ಕೆಳಗಿನ ಸಾಲಿನವರ ಜೊತೆ ಜಗಳಕ್ಕೆ ಇಳಿಯುತ್ತಿದ್ದವು. ದೀರ್ಘ, ಕೊಂಬು ಎಲ್ಲೆಂದರಲ್ಲಿ ಕಳಚಿ ಬೀಳುತ್ತಿದ್ದವು. ಕ್ರಾಂತಿ ದಿನಾ ಸಂಜೆ ಅವಳನ್ನು ಅಡುಗೆಮನೆಯಲ್ಲೇ ಕೂರಿಸಿಕೊಂಡು ಕಾಪಿ ಬರೆಸುತ್ತಿದ್ದಳು. ಅತ್ತ ಒಲೆಯ ಮುಂದೆ ಅತ್ತೆ ನಾಗಲಿಂಗಮ್ಮ ರೊಟ್ಟಿ ಬಡಿಯುವ ಸದ್ದು, ಇತ್ತ ಸೊಸೆ ಮಗಳನ್ನು ಬೈಯುವ ಸದ್ದು.

"ಇದೇನವ್ವಾ ಇದು, ಅಕ್ಷರನೋ ಕೋಳಿ ಕೆದರಿದ್ದೋ?"

"ಅಕ್ಷರನ."

"'ಬೆಳಗ್ಗೆ' ಅಂತ ಮೂರು ಸಲ ಬರದೀ, ಮೂರೂ ಬ್ಯಾರೆ ಬ್ಯಾರೆ ಅದಾವು. ಇನ್ನೊಂದು ಪುಟ ಬರಿ."

"ಕೈ ನೋಯ್ತೈತಿ ಅವ್ವಾ."

"ಮೊಬೈಲ್ ಒತ್ತಾಕ ನೋಯಂಗಿಲ್ಲ, ಬರಿಯಾಕ ನೋಯ್ತೈತೇನು?"

ಕಾಪಿ ಪುಸ್ತಕದ ಪಕ್ಕದ ತಟ್ಟೆಯಲ್ಲಿ ಮುರಿದ ರೊಟ್ಟಿ ಹಾಗೇ ಇತ್ತು. ನಾಗಲಿಂಗಮ್ಮ ಹೆಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತ, "ಉಣ್ಣೋ ಹೊತ್ತಿನಾಗ ಯಾಕ ಬೈತೀಯವಾ ಕ್ರಾಂತಿ? ಕೂಸು ತುತ್ತು ನುಂಗವಲ್ದು ನೋಡು," ಅಂದಳು.

"ನಿಮಗ ತಿಳಿಯಂಗಿಲ್ಲ ಸುಮ್ನಿರ್ರಿ ಅತ್ತಿ. ಹತ್ತನೇ ಕ್ಲಾಸಿನ ಪೇಪರ್ ನೋಡೋರು ಇಕಿ ಮಾರಿ ನೋಡಿ ಮಾರ್ಕ್ಸ್ ಹಾಕಂಗಿಲ್ಲ."

ಕ್ರಾಂತಿಯ ಚಿಂತೆ ಸುಳ್ಳಿನದಲ್ಲ. ಅವಳ ಕ್ಲಾಸಿನಲ್ಲಿ ಅರ್ಧಕ್ಕರ್ಧ ಮಕ್ಕಳು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಮೊಬೈಲಿನಲ್ಲಿ ಒತ್ತಿ ಒತ್ತಿ, ಹಾಳೆಯ ಮೇಲೆ ಬರೆಯುವಾಗ ಅಲ್ಪಪ್ರಾಣ ಮಹಾಪ್ರಾಣಗಳನ್ನು ನೀರಿಗೆ ಬಿಟ್ಟಿದ್ದರು. ಆ ಸಾಲಿಗೆ ತನ್ನ ಮಗಳೂ ಸೇರಿದಳಲ್ಲ ಅಂತ ಅವಳು ಒಳಗೇ ಉರಿಯುತ್ತಿದ್ದಳು. ಆ ಉರಿಗೆ ತುಪ್ಪ ಸುರಿದಂತೆ ಗಂಡ ಬೇಸಿಗೆ ರಜೆಯಲ್ಲಿ ಕಾರ್ಡಿನ ಹೆಸರು ಒತ್ತುವುದಕ್ಕಿರಲಿ ಅಂತ ಮಗಳಿಗೆ ಕಂಪ್ಯೂಟರಿನಲ್ಲಿ ಕನ್ನಡ ಟೈಪಿಂಗ್ ಕಲಿಸಿ ಕೂತಿದ್ದ.

"ಆ ಕೀಬೋರ್ಡ್ ಮುಂದ ಕುಂತ್ರ ಇಕಿ ಬ್ಯಾರೆ ಹುಡುಗಿನಽ ಆಗ್ತಾಳ, ನೀ ಒಮ್ಮೆ ನೋಡು," ಅಂತ ಅವನು ಊಟಕ್ಕೆ ಕೂತಾಗಲೆಲ್ಲ ಹೇಳುವನು.

"ಪರೀಕ್ಷಾ ಹಾಲಿನಾಗ ಕಂಪ್ಯೂಟರ್ ಕೊಡ್ತಾರೇನ್ರಿ?"

"ಇವತ್ತಿಲ್ಲ ಅಂದ್ರ ನಾಳೆ ಕೊಟ್ಟಾರು."

"ಆ ನಾಳೆ ಬರೂತನಕ ಇಕಿ ಎಂಟನೇ ಕ್ಲಾಸಿನಾಗ ಇರ್ತಾಳ, ಹೇಳ್ತೀನಿ ಕೇಳ್ರಿ."

ಆಗಸ್ಟಿನಲ್ಲಿ, ತಾಯಿ ಕಲಿಸುವ ಮಗಳು ಓದುವ ಅದೇ ಹೈಸ್ಕೂಲಿಗೆ, ಒಂದು ಪ್ರಬಂಧ ಸ್ಪರ್ಧೆ ಬಂತು. 'ನಮ್ಮೂರ ಬೆಳಗು' ಅಂತ ವಿಷಯ, ಸ್ವಂತ ಕೈಬರಹದಲ್ಲಿ ಬರೆದುಕೊಡಬೇಕು. ಕ್ರಾಂತಿ ಟ್ರೇನಿಂಗ್ ಅಂತ ಹರಪನಹಳ್ಳಿಗೆ ಹೋಗಿದ್ದಳು. ಸೋಮಶೇಖರನಿಗೆ ಇದೇ ತಕ್ಕ ಸಮಯ ಅನ್ನಿಸಿತು. ಶಾಂಭವಿ ಅಂಗಡಿಯಲ್ಲಿ ಕೂತು ಪ್ರಬಂಧ ಒತ್ತಿದಳು. ಅದನ್ನು ಓದಿ ಅವನಿಗೆ ಎದೆಯುಬ್ಬಿ ಬಂತು. ಇದನ್ನು ಇವಳ ಕೈಯಲ್ಲಿ ಬರೆಸಿಕೊಟ್ಟರೆ ಎರಡು ಸಾಲು ಓದಿ ಮಡಚಿಡುತ್ತಾರೆ ಅಂತ ಗೊತ್ತಿತ್ತು. ಡಿಟಿಪಿಯವನ ತಲೆ ಎಲ್ಲಿಗೆ ಓಡುತ್ತದೆ? ಅವನ ಕಂಪ್ಯೂಟರಿನಲ್ಲಿ ಥೇಟ್ ಕೈಯಲ್ಲಿ ಬರೆದಂತೆ ಕಾಣುವ ಚೆಂದದ ಫಾಂಟ್ ಒಂದಿತ್ತು. ಗೆರೆ ಹಾಕಿದ ಹಾಳೆಯನ್ನು ಪ್ರಿಂಟರಿಗೆ ಹಾಕಿ, ನೀಲಿ ಬಣ್ಣದಲ್ಲಿ ಪ್ರಬಂಧ ಹೊಡೆದು, ತಾನೇ ಹೋಗಿ ಹೆಡ್‌ಮಾಸ್ತರ ಟೇಬಲ್ಲಿನ ಮೇಲೆ ಇಟ್ಟು ಬಂದ ಪುಣ್ಯಾತ್ಮ!

ಕ್ರಾಂತಿ ಶಾಲೆಗೆ ಮರಳಿದ ದಿನ ಹೆಡ್‌ಮಾಸ್ತರ್ ನಾಗೇಂದ್ರಪ್ಪ ಸ್ಟಾಫ್ ರೂಮಿಗೇ ಬಂದರು. ಒಂದು ಕೈಯಲ್ಲಿ ಪ್ರಬಂಧ, ಇನ್ನೊಂದು ಕೈಯಲ್ಲಿ ಅರಿಶಿಣ ಹಚ್ಚಿದ ಒಂದು ಮದುವೆ ಕಾರ್ಡು.

"ಮೇಡಂ, ಇದು ನನ್ನ ಮಗಳ ಲಗ್ನದ ಕಾರ್ಡು. ನಿಮ್ಮ ಯಜಮಾನ್ರೇ ಮಾಡಿಕೊಟ್ಟದ್ದು, ಹೌದಲ್ರಿ?"

"ಹೌದ್ರಿ ಸರ್."

"ಇದು ನಿಮ್ಮ ಮಗಳ ಕೈಬರಹ. ಎರಡೂ ಬಾಜೂಕ ಇಟ್ಟು ನೋಡ್ರಿ. ನನ್ನ ಮಗಳ ಲಗ್ನದಾಗಿನ ಅಕ್ಷರನ ನಿಮ್ಮ ಮಗಳು ಬರದಾಳ. ಎಲ್ಲಾ 'ಮ'ಗೂ ಒಂದಽ ಬಾಲ!"

ಸ್ಟಾಫ್ ರೂಮು ಬಿದ್ದು ಬಿದ್ದು ನಕ್ಕಿತು. ನಾಗೇಂದ್ರಪ್ಪನವರು ಕೆಟ್ಟವರಲ್ಲ, ಅವರೂ ಸ್ವಲ್ಪ ನಕ್ಕರು. ಆಮೇಲೆ ಮುಖ ಗಂಭೀರ ಮಾಡಿ, "ಫಾಂಟಿನ ಮಾತು ಬಿಡ್ರಿ. ಒಳಗಿನ ಬರವಣಿಗಿ ಯಾರ್ದು? ಎಂಟನೇ ಕ್ಲಾಸಿನ ಹುಡುಗಿ ಹಿಂಗ ಬರೀತಾಳೇನ್ರಿ? ಶಾಂಭವಿ ನೋಟ್ಸ್ ನಾನೂ ನೋಡೀನಿ. ನೀವು ಬರದುಕೊಟ್ಟೀರಾ?" ಅಂದರು.

ಕ್ರಾಂತಿ ಹಾಳೆ ನೋಡಿದಳು. ಮಂಡಕ್ಕಿ ಭಟ್ಟಿಯ ಕಾದ ಉಸುಕಿನಲ್ಲಿ ಊರು ಕಣ್ಣುಬಿಡುವುದು, ಮೊದಲ ಬಸ್ಸು ಕೂಡ್ಲಿಗಿ ಕಡೆಯ ಚಳಿಯನ್ನು ಹೊತ್ತು ತಂದು ನಿಲ್ದಾಣದಲ್ಲಿ ಇಳಿಸುವುದು, ಏನೇನೋ ಇತ್ತು. ಇದು ನನ್ನ ಮಗಳೇ ಬರೆದದ್ದು ಅಂತ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಯಾಕೆಂದರೆ ಅವಳಿಗೇ ನಂಬಿಕೆ ಬರಲಿಲ್ಲ. "ಮನ್ಯಾಗ ಕೇಳ್ತೀನ್ರಿ ಸರ್," ಅಂದಳು, ಅಷ್ಟೇ. ಪ್ರಬಂಧ ಸ್ಪರ್ಧೆಗೆ ಹೋಗಲಿಲ್ಲ.

ಆ ಸಂಜೆ ಮನೆಯಲ್ಲಿ ಒಲೆಗಿಂತ ಮೊದಲು ಜಗಳ ಹೊತ್ತಿಕೊಂಡಿತು.

"ನನ್ನ ಮಾನ ಮೂರು ಕಾಸಿಗೆ ಹರಾಜು ಹಾಕಿದ್ರಲ್ರಿ! ಇನ್ನ ನಾ ಮಕ್ಕಳಿಗೆ 'ನೋಡಿ ಬರಿಬ್ಯಾಡ್ರಿ' ಅಂತ ಯಾವ ಬಾಯಿಲೆ ಹೇಳಲಿ?"

"ಓದಲಿ ಅಂತ ಮಾಡಿದ್ನೇ ಮಾರಾಯ್ತಿ. ಮೋಸ ಮಾಡಬೇಕಂತಲ್ಲ."

"ಓದಿದ್ರಲ್ಲ, ಚಲೋ ಓದಿದ್ರು! ನಕ್ಕೋತ ಓದಿದ್ರು!" ಅಂದವಳು ಊಟದ ತಟ್ಟೆಯ ಮುಂದೆ ಕೂತಿದ್ದ ಮಗಳ ಕಡೆ ತಿರುಗಿದಳು. "ಶಾಂಭವಿ, ಖರೆ ಹೇಳು. ಅದನ್ನ ಯಾರು ಬರದದ್ದು?"

ಶಾಂಭವಿ ಕೈಯಲ್ಲಿದ್ದ ರೊಟ್ಟಿಯ ತುಣುಕನ್ನು ತಟ್ಟೆಯಲ್ಲಿ ಇಟ್ಟಳು. "ನೀನೂ ಕೇಳ್ತೀಯೇನವ್ವಾ?" ಅಂದಳು. ಎದ್ದು ಕೈ ತೊಳೆದುಕೊಂಡು ಒಳಗೆ ಹೋದಳು.

"ನುಂಗೋ ತುತ್ತು ಕಸಗೊಂಡಿ ನೋಡು," ಅಂತ ನಾಗಲಿಂಗಮ್ಮ ಸೊಸೆಗೆ ಅಂದದ್ದು ಅಷ್ಟೇ. ಅವಳೂ ಅವತ್ತು ಉಣ್ಣಲಿಲ್ಲ.

ಅಲ್ಲಿಂದ ಹುಡುಗಿ ಬರೆಯುವುದನ್ನೇ ಬಿಟ್ಟಳು. ಕಾಪಿ ಪುಸ್ತಕ ಮುಂದಿಟ್ಟರೆ ಪೆನ್ನು ಹಿಡಿದು ಕೂರುವಳು, ಒಂದು ಗೆರೆ ಎಳೆಯಳು. ಕಸ ಹೊಡೆ ಅಂದರೆ ಹೊಡೆದಳು, ನೀರು ತುಂಬು ಅಂದರೆ ತುಂಬಿದಳು, ಅಜ್ಜಿಗೆ ಶೇಂಗಾ ಸುಲಿದುಕೊಟ್ಟಳು. ಮಾತು ಮಾತ್ರ ಹೂಂ, ಉಹುಂ. ಸೆಪ್ಟೆಂಬರಿನ ಕನ್ನಡ ಟೆಸ್ಟಿನಲ್ಲಿ ಮೇಲೆ ಹೆಸರು ಬರೆದು ಉಳಿದದ್ದೆಲ್ಲ ಖಾಲಿ ಕೊಟ್ಟಳು. ಕ್ರಾಂತಿ ಆ ಖಾಲಿ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಕೋಳಿ ಕೆದರಿದ ಅಕ್ಷರವನ್ನು ತಿದ್ದಬಹುದು, ಖಾಲಿಯನ್ನು ಏನಂತ ತಿದ್ದುವುದು?

"ಹಿಂಗಽ ಆದ್ರ ಹುಡುಗಿ ಕೈ ಬಿಟ್ಟು ಹೋಗ್ತಾಳ್ರಿ ಮೇಡಂ," ಅಂತ ನಾಗೇಂದ್ರಪ್ಪನವರೂ ಈಗ ನಗದೆ ಹೇಳಿದರು. "ಇನ್ನೊಂದು ಸಲ ಟೆಸ್ಟ್ ಕೊಡೂಣು. ಏನಾರ ಬರೀಲಿ, ತನಗ ತಿಳಿದದ್ದು."

ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾಗುವುದು, ಒಂದೊಂದು ದಿನ ಉಪ್ಪೇ ಇಲ್ಲದಿರುವುದು ನಡೆದಿತ್ತು. ಗಂಡ ಹೆಂಡತಿಯ ನಡುವೆ ನಾಗಲಿಂಗಮ್ಮನೇ ಟಪಾಲು. "ಬೆಳಿಗ್ಗೆ ಹಾಲಿನವ ಬಂದಿದ್ದನಂತ ಹೇಳ್ರಿ ಅತ್ತಿ ಅವರಿಗೆ." "ನನಗೂ ಕಿವಿ ಅದಾವು ಅಂತ ಹೇಳಬೇ ಅಕಿಗೆ." ಶಾಂಭವಿ ಮಾತ್ರ ಶಾಲೆ ಬಿಟ್ಟ ಮೇಲೆ ದಿನಾ ಅಂಗಡಿಗೆ ಹೋಗುತ್ತಿದ್ದಳು.

"ಏನ್ ಮಾಡ್ತಾಳ್ರಿ ಅಲ್ಲಿ? ಗೇಮ್ ಆಡ್ತಿರಬೇಕು," ಅಂದಳು ಕ್ರಾಂತಿ.

"ಏನೋ ಕಟಕಟ ಅನ್ನಿಸ್ತಿರ್ತಾಳವಾ. ಹೋಗಿ ನೋಡಬಾರದಾ, ದೂರ ಐತೇನು?" ಅಂದಳು ನಾಗಲಿಂಗಮ್ಮ.

ದೂರವಿರಲಿಲ್ಲ. ಹೋಗಲು ಮನಸ್ಸಿಗೇ ಹಾದಿ ಉದ್ದವಾಗಿತ್ತು. ಒಂದು ಭಾನುವಾರ ಅಂಗಡಿಯಲ್ಲಿ ಕೈತುಂಬ ಕೆಲಸ, ಸೋಮಶೇಖರ ಊಟಕ್ಕೆ ಬರಲಿಲ್ಲ. ಕ್ರಾಂತಿ ಬುತ್ತಿ ಕಟ್ಟಿದಳು. ಗುಡಿಗೆ ಹೋಗುವ ನಾಗಲಿಂಗಮ್ಮನೂ ಜೊತೆಗೆ ಹೊರಟಳು. ಸೋಮಶೇಖರ ಅಂಗಡಿಯ ಹೊರಗೆ ಚೌಕಟ್ಟಿಗೆ ಫ್ಲೆಕ್ಸ್ ಬಿಗಿಯುತ್ತ ಬಾಯಲ್ಲಿ ಮೊಳೆ ಕಚ್ಚಿಕೊಂಡಿದ್ದ. ಶಾಂಭವಿ ಚಹಾ ತರಲು ಹೋಗಿದ್ದಳು. ಕ್ರಾಂತಿ ಒಳಗೆ ಹೋಗಿ ಮಗಳ ಕುರ್ಚಿಯಲ್ಲಿ ಕೂತಳು. ಪರದೆಯ ಮೇಲೆ ಬರಹ ತೆರೆದೇ ಇತ್ತು.

'ಬೇಸಿಗೆ ಬಂದರೆ ನಮ್ಮ ಅಮ್ಮಮ್ಮನ ಊರಿನಲ್ಲಿ ಹೊಳೆ ಹಿಂದಕ್ಕೆ ಸರಿದು, ತಾನು ಇಟ್ಟುಕೊಂಡ ನೆಲವನ್ನು ತಿರುಗಿ ಕೊಡುತ್ತದೆ.'

ಕ್ರಾಂತಿ ಆ ಸಾಲನ್ನು ಎರಡು ಸಲ ಓದಿದಳು. ಅಮ್ಮಮ್ಮನ ಊರು ಅಂದರೆ ಹಂಪಸಾಗರ, ಕ್ರಾಂತಿಯ ತವರು; ಹಳೇ ಊರು ಡ್ಯಾಮಿನ ಹಿನ್ನೀರಿನಲ್ಲಿ ಮುಳುಗಿದ ಮೇಲೆ ದಂಡೆಯಲ್ಲಿ ಹೊಸದಾಗಿ ಕಟ್ಟಿಕೊಂಡ ಊರು. ನೀರು ಇಳಿದಾಗ ಕೆಸರಿನಿಂದ ಹಳೆಯ ಮನೆಯೊಂದರ ಹೊಸ್ತಿಲ ಕಲ್ಲು ಮೇಲೆ ಬರುವುದು, ಕ್ರಾಂತಿಯ ತಾಯಿ ಬುಟ್ಟಿ ಹಿಡಿದು ಹೋಗಿ ಅದನ್ನು ತೊಳೆದು ಅರಿಶಿಣ ಕುಂಕುಮ ಇಡುವುದು, ತಾನು ಸೊಸೆಯಾಗಿ ಬರುವ ಮೊದಲೇ ಮುಳುಗಿದ್ದರಿಂದ ಒಂದು ದಿನವೂ ಬಾಳದ ಮನೆ ಅದು, ತನ್ನ ಅತ್ತೆ ಇಡುತ್ತಿದ್ದಳೆಂದು ತಾನೂ ಇಡುವುದು, ಎಲ್ಲ ಇತ್ತು ಅಲ್ಲಿ. ಇದು ಗಂಡ ಬರೆದದ್ದಾಗಲು ಸಾಧ್ಯವೇ ಇಲ್ಲ. ಬೇಸಿಗೆಯ ಲಗ್ನದ ಹಂಗಾಮಿನಲ್ಲಿ ಅವನು ಎಂದೂ ಹಂಪಸಾಗರಕ್ಕೆ ಬಂದವನಲ್ಲ, ಮೇಲಾಗಿ 'ತಮ್ಮ ಆಗಮನಾಭಿಲಾಷಿಗಳು' ಬಿಟ್ಟು ಸ್ವಂತದ್ದೊಂದು ಸಾಲು ಬರೆದವನಲ್ಲ. ಒಂದು ಬೇಸಿಗೆ ತವರಿಗೆ ಹೋದಾಗ ಹೊಳೆಯ ದಂಡೆಯಲ್ಲಿ ಶಾಂಭವಿ ಸುಮ್ಮನೆ ಬಾಯಿ ತೆರೆದು ನಿಂತಿದ್ದಳು. "ಮಂಕು ಬಡದಂಗ ಯಾಕ ನಿಂತೀ, ನಡಿ," ಅಂತ ಕ್ರಾಂತಿಯೇ ಗದರಿದ್ದಳು. ಆ ಹುಡುಗಿ ಇಷ್ಟೂ ನೋಡಿಕೊಂಡಿತ್ತೇ!

ಓದುತ್ತ ಓದುತ್ತ ಮುಂದಕ್ಕೆ ಬಾಗಿದಳು. ಮೊಣಕೈ ಕೀಬೋರ್ಡಿಗೆ ತಗುಲಿ, ನಡುವೆ 'ಕಕಕಕಕ' ಅಂತ ಸಾಲು ಬಿತ್ತು.

"ರೀ! ಏನೋ ಒತ್ತಿದೆ, ಕಕಕ ಬಂತು!"

ಹೊರಗಿನಿಂದ ಮೊಳೆ ಕಚ್ಚಿದ ಬಾಯಲ್ಲೇ ಅವನು ಕೂಗಿದ. "ಕಂಟ್ರೋಲ್ ಝಡ್ ಒತ್ತು! ಹಿಂದಕ ಹೋಗ್ತೈತಿ!"

ಕ್ರಾಂತಿ ಒತ್ತಿದಳು. ಒತ್ತಿದ ಬೆರಳು ಎತ್ತಬೇಕು ಅಂತ ಅವನು ಹೇಳಿರಲಿಲ್ಲ, ಅವಳು ಎತ್ತಲಿಲ್ಲ. 'ಕಕಕ' ಹೋಯಿತು. ಅದರ ಹಿಂದೆ ಒಂದು ಸಾಲು ಹೋಯಿತು, ಅದು ಇದ್ದ ಜಾಗದಲ್ಲಿ ಬೇರೆ ಸಾಲು ಬಂತು. ಅದೂ ಹೋಗಿ ಇನ್ನೊಂದು ಬಂತು. 'ತಿರುಗಿ ಕೊಡುತ್ತದೆ' ಅನ್ನುವುದು 'ಬಿಟ್ಟು ಹೋಗುತ್ತದೆ' ಆಯಿತು, ಅದು 'ಒಣಗುತ್ತದೆ' ಆಯಿತು. ಸರಿಯಾಗಿದ್ದ ಶಬ್ದಗಳಿಂದ ಒತ್ತಕ್ಷರ ಕಳಚಿದವು, ದೀರ್ಘ ಬಿದ್ದವು. ಕಾಪಿ ಪುಸ್ತಕದಲ್ಲಿ ತಾನು ದಿನಾ ಬೈಯುತ್ತಿದ್ದ ಅವೇ ತಪ್ಪುಗಳು! ಅಂದರೆ ಹುಡುಗಿ ಮೊದಲು ತಪ್ಪಾಗಿಯೇ ಬರೆದು, ನೋಡಿ, ತಾನೇ ತಿದ್ದಿಕೊಂಡಿದ್ದಳು. ಕೊನೆಯಲ್ಲಿದ್ದ ಒಂದು ಇಡೀ ಭಾಗವನ್ನು ಎತ್ತಿ ಮೊದಲಿಗೆ ತಂದಿಟ್ಟಿದ್ದಳು, ಅದೂ ಈಗ ಕಣ್ಣೆದುರಿಗೆ ತನ್ನ ಹಳೆಯ ಜಾಗಕ್ಕೆ ವಾಪಸು ಹೋಯಿತು.

ಬಾಗಿಲಲ್ಲಿ ನಿಂತ ನಾಗಲಿಂಗಮ್ಮ ಕಣ್ಣರಳಿಸಿ ನೋಡುತ್ತಿದ್ದಳು. "ಅಯ್ಯ ಶಿವನಽ, ಬೆಂದ ರೊಟ್ಟಿ ತಿರುಗಿ ಹಿಟ್ಟಾಗಾಕತ್ತೈತಲ್ಲೇ!"

ಕ್ರಾಂತಿ ಬೆರಳು ಎತ್ತದೆ ನೋಡುತ್ತಲೇ ಇದ್ದಳು. ಇಷ್ಟು ವರ್ಷ ಪಾಠ ಮಾಡಿದಳು, ರಾಶಿ ರಾಶಿ ಪೇಪರ್ ತಿದ್ದಿದಳು, ಒಂದು ಮಗುವಿನ ತಲೆಯಲ್ಲಿ ಒಂದು ಸಾಲು ಹೇಗೆ ಹುಟ್ಟುತ್ತದೆ ಅಂತ ಒಮ್ಮೆಯೂ ನೋಡಿರಲಿಲ್ಲ. ಹಾಳೆಯ ಮೇಲೆ ಹೊಡೆದುಹಾಕಿದ ಕರೀ ಗೀಟಷ್ಟೇ ಅವಳಿಗೆ ಕಂಡಿತ್ತು. ಗೀಟು ಕಂಡರೆ ಅರ್ಧ ಮಾರ್ಕ್ಸ್ ಕತ್ತರಿಸುತ್ತಿದ್ದಳು. ಇಲ್ಲಿ ಗೀಟಿನೊಳಗಿನ ಜೀವವೆಲ್ಲ ತೆರೆದುಕೊಂಡು ಹಿಂದಕ್ಕೆ ಹಿಂದಕ್ಕೆ ಓಡುತ್ತಿತ್ತು. ಕಡೆಗೆ ಪರದೆಯ ಮೇಲೆ 'ನೀರು' ಅನ್ನುವ ಒಂದೇ ಶಬ್ದ ಉಳಿಯಿತು. ಅದೂ ಹೋಗಿ ಬೆಳ್ಳಗಾಯಿತು.

ಆಗ ಎಚ್ಚರವಾಯಿತು. ಅಯ್ಯೋ, ವಾಪಸು ತರುವುದು ಹೇಗೆ? ಯಾವುದೋ ಗುಂಡಿ ಒತ್ತಿದಳು, 'ಗ' ಬಂತು. ಟ್ರೇನಿಂಗಿನಲ್ಲಿ ಕಂಪ್ಯೂಟರ್ ಕಲಿಸಿದವರು ಅರೆದು ಕುಡಿಸಿದ್ದು ಒಂದೇ ಪಾಠ: ಏನೇ ಗಾಬರಿಯಾದರೂ ಮೊದಲು ಸೇವ್ ಮಾಡಿ. ಟೀಚರಮ್ಮ ಸೇವ್ ಮಾಡಿದಳು.

ಸೋಮಶೇಖರ ಒಳಗೆ ಬಂದು ನೋಡಿದ. ಬಾಯೊಳಗಿನ ಮೊಳೆಗಳನ್ನು ಒಂದೊಂದಾಗಿ ತೆಗೆದು ಟೇಬಲ್ಲಿನ ಮೇಲಿಟ್ಟ.

"ಏನ್ ಮಾಡಿದಿ?"

"ನೀವು ಹೇಳಿದ್ದಽ ಒತ್ತಿದೆ. ಎಲ್ಲಾ ಹಿಂದಕ ಹೋತು. ಆಮ್ಯಾಲ ಸೇವ್ ಮಾಡೀನಿ."

"ಏನನ್ನ ಸೇವ್ ಮಾಡೀ? ಒಂದು 'ಗ' ಐತಿ ಅಲ್ಲಿ!" ಅವನು ಮೌಸು ಹಿಡಿದು ಅಲ್ಲಿ ಇಲ್ಲಿ ಒತ್ತಿದ, ಫೈಲು ಮುಚ್ಚಿ ತೆಗೆದ. 'ಗ' ಬಿಟ್ಟು ಬೇರೇನೂ ಬರಲಿಲ್ಲ. "ಹೋತು ಕ್ರಾಂತಿ."

"ಹೋತು ಅಂದ್ರ?"

"ಹೋತು ಅಂದ್ರ ಹೋತು. ಮ್ಯಾಲೊಂದು 'ಗ' ಒತ್ತಿದ್ದಕ್ಕ ಇನ್ನ ಮುಂದಕ ತರಾಕ ಬರಂಗಿಲ್ಲ. ಆ ಸ್ಕೂಲಿನ ಗದ್ದಲ ಆದಾಗಿಂದ ಬರ್ಯಾಕತ್ತಿದ್ಲು ಹುಡುಗಿ. ಒಂದು ದಿನಾನೂ ಫೈಲ್ ಮುಚ್ಚಾಕ, ಕಂಪ್ಯೂಟರ್ ಆರಿಸಾಕ ಬಿಟ್ಟಿಲ್ಲ."

ಚಹಾದ ಫ್ಲಾಸ್ಕ್ ಹಿಡಿದು ಶಾಂಭವಿ ಒಳಗೆ ಬಂದದ್ದೂ ಅದೇ ಹೊತ್ತಿಗೆ. ಮೂರು ಜನರ ಮುಖ ನೋಡಿದಳು, ಪರದೆ ನೋಡಿದಳು. ಸೋಮಶೇಖರ ಏನೋ ಹೇಳಲು ಬಾಯಿ ತೆರೆದ. ಕ್ರಾಂತಿ ಅವನನ್ನು ತಡೆದಳು.

"ನಾನಽ ಅಳಿಸಿದೆ ಶಾಂಭವಿ. ಬೇಕಂತಲ್ಲ. ತಪ್ಪಾತವ್ವಾ."

"ಪೂರಾನ?"

"ಪೂರಾ."

ಹುಡುಗಿ ಪರದೆಯ ಮೇಲಿನ 'ಗ'ವನ್ನು ಇನ್ನೊಮ್ಮೆ ನೋಡಿದಳು. ಫ್ಲಾಸ್ಕನ್ನು ಕೆಳಗಿಟ್ಟಳು. ಅತ್ತುಬಿಡುತ್ತಾಳೆ, ಇನ್ನು ಈ ಜನ್ಮದಲ್ಲಿ ಅಕ್ಷರ ಮುಟ್ಟುವುದಿಲ್ಲ ಅಂತ ಅಂದುಕೊಂಡಳು ಕ್ರಾಂತಿ.

"ಓದಿದೇನು?" ಅಂತ ಕೇಳಿದಳು ಶಾಂಭವಿ.

"ಓದಿದೆ."

"ಎಲ್ಲಿತನಕ?"

"ಅಮ್ಮಮ್ಮ ಹೊಸ್ತಿಲಕ್ಕ ಕುಂಕುಮ ಇಟ್ಟು, ಆ ಕೆಸರಿನಾಗ ಸೌತಿ ಬೀಜ ಊರಿ ಏಳೂತನಕ. ಆಮ್ಯಾಲ ಏನಾತು ಶಾಂಭವಿ? ಮಳಿ ಬಂದು ನೀರು ತಿರುಗಿ ಏರೋ ದಿನ ಏನ್ ಮಾಡ್ತಾಳ ಅಕಿ? ನಾ ಅದನ್ನ ನೋಡಿಲ್ಲವ್ವಾ. ಹುಟ್ಟಿ ಬೆಳೆದ ಊರಾಗಿನದ್ದನ್ನ ನಾ ನೋಡಽ ಇಲ್ಲ."

ಶಾಂಭವಿ ತಾಯಿಯ ಮುಖವನ್ನೇ ನೋಡಿದಳು. ಇವಳು ಕೇಳುತ್ತಿರುವುದು ಅಕ್ಷರದ ಮಾತಲ್ಲ, ಮುಂದಿನ ಮಾತು ಅಂತ ಅವಳಿಗೆ ತಿಳಿಯಿತು.

"ಏಳು ಅತ್ಲಾಗ," ಅಂದಳು.

ಕ್ರಾಂತಿ ಎದ್ದು ಜಾಗ ಬಿಟ್ಟಳು. ಹುಡುಗಿ ಕೂತು ಆ ಒಂಟಿ 'ಗ'ವನ್ನು ಅಳಿಸಿ ಶುರು ಮಾಡಿದಳು. ಹತ್ತೂ ಬೆರಳು ಇಳಿದವು. ಪೆನ್ನು ಹಿಡಿದರೆ ನೋಯುವ ಅದೇ ಕೈ, ಅದೇ ಬೆರಳು! ಕಾರ್ಡು ಒಯ್ಯಲು ಬಂದ ಗಿರಾಕಿಯೊಬ್ಬ "ಸೋಮಣ್ಣಾ" ಅಂತ ಕರೆದು, ಒಳಗಿನ ಮೌನ ನೋಡಿ ತಾನೇ ಸ್ಟೂಲ್ ಎಳೆದುಕೊಂಡು ಕೂತ. ಒಂದು ಕಡೆ ಹುಡುಗಿ ಒತ್ತಕ್ಷರ ಬಿಟ್ಟಳು. ಕ್ರಾಂತಿಯ ನಾಲಿಗೆ ತುರಿಸಿತು, ಹಲ್ಲು ಕಚ್ಚಿ ಹಿಡಿದಳು. ಎರಡು ಸಾಲು ಮುಂದೆ ಹೋದ ಶಾಂಭವಿ ತಾನಾಗಿ ಹಿಂದೆ ಬಂದು ಅದನ್ನು ತಿದ್ದಿ ಮತ್ತೆ ಮುಂದೆ ಓಡಿದಳು.

"ಮೊದಲನೇ ಸಾಲು ಬ್ಯಾರೆ ಇತ್ತಲ್ಲವಾ?" ಅಂದಳು ಕ್ರಾಂತಿ ಮೆಲ್ಲಗೆ.

"ಇದು ಅದಕ್ಕಿಂತ ಚಲೋ ಐತಿ. ನೀ ಸುಮ್ನಿರು."

ಕ್ರಾಂತಿ ಕುರ್ಚಿಯ ಬೆನ್ನು ಹಿಡಿದು ನಿಂತಳು. ಕಣ್ಣಲ್ಲಿ ನೀರು ತುಂಬಿ ಪರದೆ ಮಂಜಾಯಿತು, ಒರೆಸಿಕೊಂಡು ಮತ್ತೆ ನೋಡಿದಳು. ದೇವರ ಮುಂದೆ ನಿಂತಾಗಲೂ ಅವಳು ಇಷ್ಟು ಮೈಮರೆತು ನಿಂತವಳಲ್ಲ. ಬುತ್ತಿ ಆರಿ ಹೋಯಿತು, ನಾಗಲಿಂಗಮ್ಮ ಗುಡಿಗೆ ಹೋಗಲಿಲ್ಲ, ಚಹಾ ಫ್ಲಾಸ್ಕಿನಲ್ಲೇ ಉಳಿಯಿತು.

ಸೋಮವಾರ ಶಾಲೆಗೆ ಹೋದವಳೇ ಕ್ರಾಂತಿ ಹೆಡ್‌ಮಾಸ್ತರ ಮುಂದೆ ನಿಂತಳು. "ಸರ್, ಆ ಪ್ರಬಂಧ ನನ್ನ ಮಗಳದ್ದು. ಫಾಂಟಿನ ತಪ್ಪು ನನ್ನ ಗಂಡಂದು. ಅವತ್ತು ನಿಮ್ಮ ಮುಂದ ಬಾಯಿ ಮುಚ್ಚಿಕೊಂಡು ನಿಂತದ್ದು ನಂದು," ಅಂದಳು. ನಾಗೇಂದ್ರಪ್ಪನವರು ಹೂಂ ಅನ್ನಲಿಲ್ಲ, ಉಹುಂ ಅನ್ನಲಿಲ್ಲ. "ಟೆಸ್ಟ್ ಬರೀಲಿ, ನೋಡೂಣು," ಅಂದರು.

ಆ ವಾರ ಶಾಂಭವಿ ಅಂಗಡಿಯಲ್ಲಿ ಒತ್ತಿದ್ದನ್ನು ಮನೆಯಲ್ಲಿ ಕೈಯಲ್ಲಿ ಬರೆದಳು. ಯಾರೂ ಹೇಳಲಿಲ್ಲ. ಪರದೆಯ ಮೇಲೆ ತಿದ್ದಿ ತಿದ್ದಿ ನೋಡಿದ ಶಬ್ದಗಳು ಕಣ್ಣಲ್ಲಿ ಕೂತಿದ್ದವೋ ಏನೋ, ಒತ್ತು ದೀರ್ಘ ಬಹುಮಟ್ಟಿಗೆ ಬಂದವು. ಸಾಲು ಮಾತ್ರ ಗುಡ್ಡ ಹತ್ತುವುದು ಬಿಡಲಿಲ್ಲ. ಕ್ರಾಂತಿಯೂ ಇಳಿಸಲು ಹೋಗಲಿಲ್ಲ, ಬಿಸಿ ರೊಟ್ಟಿ ಮುರಿದು ತಟ್ಟೆಗೆ ಹಾಕುತ್ತ ಕೂತಳು.

ಶುಕ್ರವಾರ ಟೆಸ್ಟ್ ಆಯಿತು. ನಾಗೇಂದ್ರಪ್ಪನವರು ತಾವೇ ಎದುರಿಗೆ ಕೂತು ಬರೆಸಿದರು. ಮಧ್ಯಾಹ್ನ ಆ ಹಾಳೆಗಳನ್ನು ಹಿಡಿದು ಸ್ಟಾಫ್ ರೂಮಿಗೆ ಬಂದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು, ಹಾಳೆಯನ್ನು ದೂರ ಹಿಡಿದರು, ಹತ್ತಿರ ಹಿಡಿದರು.

"ನನಗ ಓದಾಕ ಬರವಲ್ದು ಮೇಡಂ. ಏನೋ ಐತಿ ಅಂತ ಅನ್ನಿಸ್ತೈತಿ, ಅಕ್ಷರ ಸಿಗವಲ್ದು. ನೀವಽ ಓದ್ರಿ."

ಕ್ರಾಂತಿ ಎದ್ದು ನಿಂತು ಓದಿದಳು. ಎಲ್ಲಿ ಸಾಲು ಏರಿತ್ತೋ, ಎಲ್ಲಿ ಅಕ್ಷರ ಒಂದರ ಮೇಲೊಂದು ಬಿದ್ದಿತ್ತೋ, ಅವಳು ಒಂದು ಕಡೆಯೂ ತಡವರಿಸಲಿಲ್ಲ. ಹೊಸ್ತಿಲು ಬಂತು, ಸೌತೆಯ ಬಳ್ಳಿ ಬಂತು, ಮಳೆಗಾಲದ ನೀರು ಹೊಲದ ಅಂಚಿಗೆ ಬಂತು. 'ಅವತ್ತು ಅಮ್ಮಮ್ಮ ಕಡೆಯ ಸೌತೆಕಾಯಿ ಹರಿದು ಉಡಿಯಲ್ಲಿ ಹಾಕಿಕೊಂಡು, ಗೋಡೆಯಿಲ್ಲದ ಬಾಗಿಲಿಲ್ಲದ ಆ ಮನೆಯ ಮುಂದೆ ನಿಂತು, ಒಳಗೆ ಯಾರೋ ಇದ್ದಾರೆ ಅನ್ನುವ ಹಾಗೆ, "ಬರ್ತೀನ್ರಿ ಅತ್ತಿ," ಅಂತ ಹೇಳಿ ಬರುತ್ತಾಳೆ,' ಅಂತ ಓದಿ ನಿಲ್ಲಿಸಿದಳು.

ಗಣಿತದ ಮೇಷ್ಟ್ರು ತುತ್ತು ಕೈಯಲ್ಲೇ ಹಿಡಿದು ಕೂತಿದ್ದರು. ನಾಗೇಂದ್ರಪ್ಪನವರು ನಿಂತಲ್ಲಿಂದ ಒಂದು ಕುರ್ಚಿ ಎಳೆದುಕೊಂಡು, ಮಕ್ಕಳು ಕೂರುವ ಹಾಗೆ ಕೈಕಟ್ಟಿ ಕೂತರು.

"ಇನ್ನೊಮ್ಮೆ ಓದ್ರಿ ಮೇಡಂ," ಅಂದರು. "ಮೊದಲಿಂದ."